ಊದುಗೊಳವೆ ಹಿಡಿದು ಬಂದವರು

ಆ ಯಂತ್ರ ಹಾಸನದ ನಮ್ಮ ಮನೆಗೆ ಬಂದದ್ದು ಮೈಸೂರಿನ ಪ್ಯಾಸೆಂಜರ್ ಗಾಡಿಯಲ್ಲಿ, ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯೊಳಗೆ. ಸ್ಟೇಷನ್ನಿನಿಂದ ಜಟಕಾದಲ್ಲಿ ತಂದು ಜಗುಲಿಯ ಮೇಲಿಟ್ಟು ಮುಚ್ಚಳ ಬಿಚ್ಚಿದಾಗ ನಮ್ಮ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದರು. ತಗಡಿನ ದೊಡ್ಡ ಡಬ್ಬ, ಅದರೊಳಗೆ ಬೋರಲು ಹಾಕಿದ ಇನ್ನೊಂದು ಹಗುರವಾದ ಡಬ್ಬ, ಪಕ್ಕದಲ್ಲಿ ಒಂದು ಕಂಬ, ಕಂಬದ ತುದಿಯಲ್ಲಿ ಬಾವಿಯ ರಾಟೆಯ ಮರಿಯಂಥದೊಂದು ಗಾಲಿ.

"ಇದ್ಯಾವ ಕೊಳಗ ಮಗಾ? ರಾಗಿ ಅಳೆಯಕಾ?" ಎಂದರು.

"ಉಸಿರು ಅಳೆಯೋಕೆ ಕಣವ್ವ," ಎಂದರು ನಮ್ಮ ಭಾವ.

"ಉಸ್ರುನ್ನ ಅಳೆದು ಯಾರಿಗ್ ಮಾರ್ತೀಯಾ?"

ಭಾವ ಎಂದರೆ ನನ್ನ ಗಂಡನ ಅಣ್ಣ. ಮೈಸೂರಿನಲ್ಲಿ ಡಾಕ್ಟರಾಗುವ ಹುಡುಗರಿಗೆ ಶರೀರದ ಪಾಠ ಹೇಳುತ್ತಿದ್ದರು. ಮಿತಭಾಷಿ. ನಗಬೇಕಾದಲ್ಲಿ ಕನ್ನಡಕ ತೆಗೆದು ಒರೆಸುತ್ತಿದ್ದರು, ಅದೇ ಅವರ ನಗು. ಅಂದೂ ಕನ್ನಡಕ ಒರೆಸಿದರು.

ಅದು ಅರವತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ. ಸೇರು ಪಾವುಗಳು ಹೋಗಿ ಲೀಟರು ಆಗತಾನೇ ಅಂಗಡಿಗಳಿಗೆ ಬರುತ್ತಿದ್ದ ಕಾಲ. ಭಾವ ರಜಕ್ಕೆ ಬಂದದ್ದು ನಿಜ, ಆದರೆ ಯಂತ್ರವನ್ನು ಹೊತ್ತು ತಂದದ್ದಕ್ಕೆ ಕಾರಣ ನಮ್ಮ ನಾದಿನಿ, ಮನೆಯ ಕಿರಿಯವಳು.

ಅವಳು ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ಅತ್ತೆಯನ್ನು ಒಪ್ಪಿಸಲು ಒಂದು ವರ್ಷವೇ ಹಿಡಿದಿತ್ತು. ಕೊನೆಗೆ ಅತ್ತೆ ಒಪ್ಪಿದರು, ಸಂದರ್ಶನವೂ ಆಯಿತು, ಹುಡುಗಿ ಚುರುಕು ಎಂದು ಎಲ್ಲರೂ ಮೆಚ್ಚಿದರು. ಆಮೇಲೆ ಆರೋಗ್ಯದ ಪರೀಕ್ಷೆ. ಅಲ್ಲಿ ಇಂಥದೇ ಒಂದು ಯಂತ್ರಕ್ಕೆ ಊದಿಸಿದರಂತೆ. ಇವಳ ಉಸಿರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬಹಳ ಕಡಿಮೆ ಬಂತು. ಎದೆಯ ಫೋಟೋ ತೆಗೆಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಆದರೂ ಮಳೆಗಾಲ ಹಿಡಿಯುವಾಗ ಇನ್ನೊಮ್ಮೆ ಬಾ, ಆಗಲೂ ಇಷ್ಟೇ ಬಂದರೆ ತೆಗೆದುಕೊಳ್ಳಲಾಗುವುದಿಲ್ಲ ಎಂದು ಹೇಳಿ ಕಳಿಸಿದರು.

ಅವಳು ಊರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಎದೆ ಪರೀಕ್ಷೆ, ಫೋಟೋ, ವಾಪಸ್ಸು ಕಳಿಸಿದರು. ಈ ಮೂರು ಮಾತು ಸೇರಿದರೆ ಆ ಕಾಲದಲ್ಲಿ ನಾಲ್ಕನೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಾಗಿರಲಿಲ್ಲ. ಕ್ಷಯ ಎಂಬ ಪದವನ್ನು ನಮ್ಮ ಬೀದಿಯಲ್ಲಿ ಯಾರೂ ಉಚ್ಚರಿಸಲಿಲ್ಲ. "ಎಂಗಿದ್ದಾಳೆ ಉಡುಗಿ?" ಎಂದು ಮಾತ್ರ ಕೇಳುತ್ತಿದ್ದರು, ಸ್ವಲ್ಪ ದೂರ ನಿಂತು.

ಆಸ್ಪತ್ರೆಯವರಿಗೆ ಒಂದು ಕಾಗದ ಬರೆದುಕೊಡು, ನಿನ್ನ ಮಾತು ನಡೆಯುತ್ತದೆ ಎಂದು ನನ್ನ ಗಂಡ ಭಾವನಿಗೆ ಹೇಳಿದರು. ಭಾವ ತಲೆಯಲ್ಲಾಡಿಸಿದರು.

"ತಂಗಿ ಅಂತ ಬರೆದುಕೊಡೋಕಾಗುತ್ತೇನೋ? ಆ ಪುಸ್ತಕದಲ್ಲಿರೋದು ಸೀಮೆ ಹೆಂಗಸರ, ಬಿಳಿಯರ ಅಳತೆ. ಅವರ ಮೈಕಟ್ಟು ಬೇರೆ, ಊಟ ಬೇರೆ. ನಮ್ಮ ಕಡೆ ಆರೋಗ್ಯವಾಗಿರೋರದ್ದು ಎಷ್ಟು ಅಂತ ಯಾರೂ ಕೂತು ಅಳೆದಿಲ್ಲ. ಅಳೆಯೋಣ. ಇವಳದ್ದು ಅವರ ಜೊತೆ ಸರಿಹೋದರೆ ಧೈರ್ಯವಾಗಿ ಹೇಳ್ತೀನಿ."

"ಸರಿಹೋಗದೆ ಇದ್ರೆ?" ಎಂದು ಕೇಳಿದವಳು ನಾದಿನಿಯೇ. ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು.

ಭಾವ ಅವಳ ಕಡೆ ತಿರುಗಿ, "ಆಗ ನಿನಗೇನೋ ಇದೆ ಅಂತ ಗೊತ್ತಾಗುತ್ತೆ. ಅದಕ್ಕೆ ಔಷಧಿ ನೋಡೋಣ," ಎಂದರು.

ಆ ಸಂಜೆ ಡಬ್ಬಕ್ಕೆ ನೀರು ತುಂಬಿ ಯಂತ್ರವನ್ನು ಅಣಿಮಾಡಿದರು. ಉಸಿರನ್ನು ಪೂರಾ ಒಳಗೆಳೆದುಕೊಂಡು, ಮೂಗನ್ನು ಒಂದು ಕ್ಲಿಪ್ಪಿನಿಂದ ಬಿಗಿದು, ರಬ್ಬರ್ ನಳಿಕೆಯ ತುದಿಯ ಗಾಜಿನ ಕೊಳವೆಯನ್ನು ಬಾಯಲ್ಲಿಟ್ಟು, ಒಳಗಿನದೆಲ್ಲ ಬರಿದಾಗುವವರೆಗೆ ಊದಬೇಕು. ಬೋರಲು ಡಬ್ಬ ನೀರಿನಿಂದ ಮೇಲೇಳುತ್ತದೆ, ಎಷ್ಟು ಎದ್ದಿತೆಂದು ಮುಳ್ಳು ತೋರಿಸುತ್ತದೆ. ನಾದಿನಿ ಊದಿದಳು. ಆಸ್ಪತ್ರೆಯವರು ಹೇಳಿದ್ದ ಅಳತೆಯೇ ಬಂತು. ಅವಳು ಕೊಳವೆಯನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟು ದನಕ್ಕೆ ಕಲಗಚ್ಚು ಇಡಲು ಹೋದಳು.

ಗಂಡಸರನ್ನು ಅಳೆಯುವುದು ಕಷ್ಟವಾಗಲಿಲ್ಲ. ಜಗುಲಿಯ ಮೇಲೆ ಯಂತ್ರ ಇಟ್ಟುಕೊಂಡು ಕುಳಿತರೆ ದಾರಿಹೋಕರೇ ಬಂದು ಸಾಲು ನಿಂತರು. ಸಂತೆಗೆ ಬಂದ ಕೊರವಂಗಲದ ರೈತರು, ತಾಲ್ಲೂಕು ಕಚೇರಿಯ ಜವಾನರು, ಗರಡಿಯ ಹುಡುಗರು. ಕೆಮ್ಮು ಇರುವವರು, ಬೀಡಿ ಸೇದುವವರು ಬೇಡ ಎಂದು ಭಾವ ಮೊದಲೇ ಹೇಳುತ್ತಿದ್ದರು.

"ನಾನು ಬೀಡಿ ಮುಟ್ಟಿದೋನೇ ಅಲ್ಲ ಸಾ," ಎಂದ ಒಬ್ಬ.

"ಕಿವಿ ಮೇಲೆ ಇರೋದೇನಪ್ಪ?"

ಅವನು ತಡವಿ ನೋಡಿಕೊಂಡು, "ಇದು ನಮ್ ಬಾಮೈದಂದು ಸಾ, ಇಡ್ಕಂಡಿರು ಅಂತ ಕೊಟ್ಟವ್ನೆ," ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಭಾವ ಕನ್ನಡಕ ಒರೆಸಿದರು. ಊದಿ ಇಳಿದವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಷ್ಟು ಸೇರು ಬಂತು ಸಾ ನಂದು?"

ಹೆಂಗಸರು ಮಾತ್ರ ಬರಲಿಲ್ಲ. ಬೇಕಾಗಿದ್ದುದು ಅವರೇ. ಪರಗಂಡಸಿನ ಮುಂದೆ ಎದೆಯುಬ್ಬಿಸಿ ಉಸಿರೆಳೆದುಕೊಂಡು ಬಾಯಿ ಹಾಕಿ ಊದುವುದೆಂದರೆ ಯಾರು ಬಂದಾರು? ಆಗ ಭಾವ ನನ್ನನ್ನು ಕೇಳಿದರು.

"ನೀನು ಕಾನ್ವೆಂಟಿನಲ್ಲಿ ಓದಿದೋಳು ಕಣಮ್ಮ. ಮುಳ್ಳು ನೋಡಿ ಅಂಕಿ ಹೇಳೋದು ನಿನಗೆ ಕಷ್ಟವಲ್ಲ. ಒಳಮನೆಯಲ್ಲಿ ನೀನೂ ತಂಗಿಯೂ ಊದಿಸಿ, ನಾನು ಜಗುಲಿಯಲ್ಲಿ ಕೂತು ಬರ್ಕೊಳ್ತೀನಿ."

ಕಾನ್ವೆಂಟು ನನಗೆ ಕಲಿಸಿದ್ದರಲ್ಲಿ ಹೆಚ್ಚಿನದು ಹೊಲಿಗೆ, ಹಾಡು ಮತ್ತು ಮಾತಾಡುವವರ ಮುಖವನ್ನೇ ನೋಡಬೇಕೆಂಬ ಮರ್ಯಾದೆ. ಅಂಕಿ ಓದುವ ಕೆಲಸ ಬಂದದ್ದು ಅದೇ ಮೊದಲು. ನಮ್ಮ ಬೀದಿಯವರು ಹೇಗೂ ದೂರ ನಿಲ್ಲುತ್ತಿದ್ದುದರಿಂದ ನೆಂಟರಿರುವ ಬೇರೆ ಊರುಗಳಿಗೆ ಹೋಗುವುದೆಂದಾಯಿತು. ನಮ್ಮವರು, "ಓಗ್ ಬಾ, ಅವ್ವ ಇದಾಳಲ್ಲ ಮನೇಲಿ," ಎಂದರು. ನಾನೂ ನಾದಿನಿಯೂ ಭಾವನ ಜೊತೆ ರೈಲು ಹತ್ತಿ ಹೊಳೆನರಸೀಪುರಕ್ಕೆ ಹೊರಟೆವು. ಪೆಟ್ಟಿಗೆ ಬ್ರೇಕ್ ವ್ಯಾನಿನಲ್ಲಿ ಬಂತು.

ಅಲ್ಲಿ ನಮ್ಮ ಅತ್ತೆಯ ಅಕ್ಕನ ಮನೆ. ದೊಡ್ಡತ್ತೆ ಬಾಯಿ ಜೋರು, ಕೈ ಧಾರಾಳ. ಹೋದ ಕೂಡಲೇ ಕಾಫಿ ಬಂತು. ನಾನು ಲೋಟ ತೊಳೆಯಲು ಹಿತ್ತಿಲಿಗೆ ಹೋದಾಗ ಒಂದು ಸಂಗತಿ ಕಂಡೆ. ನಮ್ಮ ಲೋಟಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿದ್ದ ದೊಡ್ಡತ್ತೆ, ನಾದಿನಿಯ ಲೋಟವನ್ನು ಮಾತ್ರ ತಾವೇ ತೊಳೆದು ಬಚ್ಚಲ ಗೂಡಿನಲ್ಲಿ ಬೋರಲು ಹಾಕಿದ್ದರು. ಮಧ್ಯಾಹ್ನ ಮಜ್ಜಿಗೆಯೂ ಅವಳಿಗೆ ಅದೇ ಲೋಟದಲ್ಲಿ ಬಂತು. ಅಂಚಿನಲ್ಲಿ ಸಣ್ಣ ಸೊಟ್ಟ ಇದ್ದುದರಿಂದ ಗುರುತು ಹತ್ತಿತು. ನಾದಿನಿ ಅದನ್ನು ಎರಡು ಕೈಯಲ್ಲಿ ಹಿಡಿದು, ಸೊಟ್ಟವನ್ನು ಹೆಬ್ಬೆರಳಿನಿಂದ ಸವರುತ್ತ ಕುಡಿದಳು. ಅವಳಿಗೂ ಗುರುತು ಹತ್ತಿತ್ತು.

ಒಳಮನೆಯಲ್ಲಿ ಬೀದಿಯ ಹೆಂಗಸರು ಬಂದು ಸೇರಿದರು. ನೋಡಿದರು, ನಕ್ಕರು, ಡಬ್ಬವನ್ನು ಬೆರಳಿನಿಂದ ತಟ್ಟಿದರು. ಬಾಯಿ ಹಾಕಲು ಒಬ್ಬರೂ ಒಪ್ಪಲಿಲ್ಲ. ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ಕೊಳವೆ, ಅಂದರೆ ಎಂಜಲು. ಪ್ರತಿ ಸಲವೂ ಬಿಸಿನೀರಲ್ಲಿ ಕುದಿಸಿಯೇ ಕೊಡುತ್ತೇವೆ ಎಂದೆ.

"ಕುದಿಸಿದ್ರೆ ಎಂಜಲು ಓಗ್ತದಾ?" ಎಂದರು ಪಕ್ಕದ ಮನೆಯವರು. "ಎಂಜಲನ್ನ ಬೇಯ್ಸಿದ್ರೆ ಬೆಂದ ಎಂಜಲಾಯ್ತದೆ ಅಷ್ಟೇಯ."

ಆಗ ದೊಡ್ಡತ್ತೆಯೇ ಅಡುಗೆಮನೆಗೆ ಹೋಗಿ ಒಲೆಯ ಪಕ್ಕದಿಂದ ಊದುಗೊಳವೆ ತಂದರು. ಕೈಯಾಡಿ ಆಡಿ ನುಣುಪಾದ ಕಬ್ಬಿಣದ ಕೊಳವೆ, ತುದಿ ಕಪ್ಪು.

"ಇದು ನಂದೇಯ. ದಿನಾ ಬಾಯಿಗಿಕ್ಕದೇ ಇದುನ್ನ. ಇದ್ರಲ್ಲಾದ್ರೆ ಊದ್ತೀನಿ. ಆದಾತಾ ಕೇಳಿ ನಿಮ್ ಡಾಕ್ಟ್ರುನ್ನ."

ಭಾವ ಜಗುಲಿಯಿಂದಲೇ ಕೊಳವೆಯನ್ನೂ ರಬ್ಬರ್ ನಳಿಕೆಯನ್ನೂ ತರಿಸಿಕೊಂಡು ಸಿಕ್ಕಿಸಿ ನೋಡಿದರು. ಬಿಗಿಯಾಗಿ ಕೂತಿತು. "ಆಗುತ್ತೆ," ಎಂದರು. ಸ್ವಲ್ಪ ಹೊತ್ತಿನಲ್ಲೇ ಬೀದಿಯ ಹೆಂಗಸರೆಲ್ಲ ತಂತಮ್ಮ ಊದುಗೊಳವೆ ಹಿಡಿದು ಬಂದರು. ಕಬ್ಬಿಣದವು, ಹಿತ್ತಾಳೆಯವು, ಬಿದಿರಿನವು. ಬಾಗಿಲಲ್ಲಿ ನಿಂತ ಆ ಸಾಲನ್ನು ನೋಡಿ ಭಾವ ಕನ್ನಡಕವನ್ನು ಎಷ್ಟೋ ಹೊತ್ತು ಒರೆಸಿದರು.

ಮೂಗಿನ ಕ್ಲಿಪ್ಪು ಇನ್ನೊಂದು ತೊಡಕಾಯಿತು. ಎಲ್ಲರಿಗೂ ಮೂಗುಬೊಟ್ಟು. ಕ್ಲಿಪ್ಪು ಅದರ ಮೇಲೆ ಕೂತರೆ ನೋವು. ಅದಕ್ಕೆ ನಾನೇ ಹೆಬ್ಬೆರಳು ತೋರುಬೆರಳಿನಿಂದ, ಬೊಟ್ಟಿನ ಹರಳಿಗೆ ತಾಗದಂತೆ, ಅವರ ಮೂಗು ಹಿಡಿಯುವುದೆಂದಾಯಿತು. ನಾದಿನಿ ಮುಳ್ಳು ನೋಡಿ ಅಂಕಿ ಕೂಗುತ್ತಿದ್ದಳು. ಹೀಗೆ ಆ ಮಧ್ಯಾಹ್ನವೆಲ್ಲ ನಾನು ಒಬ್ಬೊಬ್ಬ ಹೆಂಗಸಿನ ಮುಖದ ಎದುರು, ಅವರ ಕುಂಕುಮದ ಕಣ ಎಣಿಸುವಷ್ಟು ಹತ್ತಿರ ನಿಂತೆ. ಅರಿಸಿನದ ವಾಸನೆ, ಹರಳೆಣ್ಣೆಯ ವಾಸನೆ, ಎಲೆಅಡಿಕೆಯ ವಾಸನೆ. ಪರಿಚಯವಿಲ್ಲದವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ಆಮೇಲೆಂದೂ ನೋಡಿಲ್ಲ.

ನಾದಿನಿ ಕೂಗುತ್ತಿದ್ದ ಅಂಕಿಗಳೆಲ್ಲ ಅವಳ ಅಂಕಿಗಿಂತ ಕಡಿಮೆ ಇದ್ದವು. ಮೊದಮೊದಲು ಮೆಲ್ಲಗೆ ಹೇಳುತ್ತಿದ್ದವಳ ದನಿ ಸಂಜೆಯ ಹೊತ್ತಿಗೆ ಗೆಲುವಾಗಿತ್ತು. ನೀರು ಸೇದುವ, ರಾಗಿ ಬೀಸುವ, ಎರಡು ಕೊಡ ಹೊತ್ತು ಹೇಮಾವತಿಯ ದಡ ಹತ್ತುವ ಗಟ್ಟಿ ಹೆಂಗಸರು ಇವರು. ಇವರಿಗಿಂತ ತನ್ನದೇ ಹೆಚ್ಚು! ವಾಪಸ್ಸು ರೈಲಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತು, ಬಹಳ ದಿನಗಳ ಮೇಲೆ ಏನನ್ನೋ ಗುನುಗುತ್ತಿದ್ದಳು. ಭಾವ ಮಾತ್ರ ಬರೆದುಕೊಂಡದ್ದನ್ನೇ ನೋಡುತ್ತಿದ್ದರು. "ಇಷ್ಟು ಕಡಿಮೆ ಇರೋಕಾಗುತ್ತಾ?" ಎಂದು ಒಮ್ಮೆ ಅಂದರು, ಯಾರಿಗೂ ಅಲ್ಲ.

ನನ್ನ ಮನಸ್ಸಿಗೂ ಏನೋ ಒಂದು ಅಂಟಿಕೊಂಡಿತ್ತು. ಏನೆಂದು ಹೊಳೆದಿರಲಿಲ್ಲ.

ಹೊಳೆದದ್ದು ಮರುದಿನ ಬೆಳಿಗ್ಗೆ, ಕಾಫಿಗೆ ಒಲೆ ಹಚ್ಚುವಾಗ. ಸೌದೆ ಹಸಿಯಿತ್ತು. ಊದುಗೊಳವೆ ತೆಗೆದುಕೊಂಡು ಊದಿದೆ. ಕೆಂಡ ಕೆಂಪಾಯಿತು, ಬೂದಿ ಎದ್ದಿತು. ಬೂದಿ ಏಳುವ ಮೊದಲೇ ನಾನು ಊದುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಂಡಿದ್ದೆ. ಹಾಗೆಯೇ ಕೊಳವೆ ಹಿಡಿದು ಕೂತುಬಿಟ್ಟೆ.

ಹೊಳೆನರಸೀಪುರದ ಹೆಂಗಸರೆಲ್ಲ ಮಾಡಿದ್ದು ಇದನ್ನೇ. ಡಬ್ಬದಲ್ಲಿ ಬೂದಿ ಇರಲಿಲ್ಲ, ಬೆಂಕಿ ಇರಲಿಲ್ಲ. ಆದರೂ ಊದುವ ಕೊನೆಗೆ ಒಬ್ಬೊಬ್ಬರೂ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ತೆಗೆಯುತ್ತಿದ್ದರು. ಇಲ್ಲದ ಹೊಗೆಯಿಂದ ಮುಖ ತಪ್ಪಿಸಿಕೊಳ್ಳುತ್ತಿದ್ದರು. ನನ್ನ ಬೆರಳುಗಳ ನಡುವಿನಿಂದ ಮೂಗು ಜಾರುತ್ತಿದ್ದುದು ಅದಕ್ಕೇ. ಒಲೆಗೆ ಊದುವಾಗ ಯಾರೂ ಎದೆ ಬರಿದಾಗುವವರೆಗೆ ಊದುವುದಿಲ್ಲ. ಕೆನ್ನೆಯಲ್ಲಿ ತುಂಬಿಕೊಂಡು, ಅಳತೆಯಾಗಿ, ಬೂದಿ ಹಾರದಷ್ಟು ಊದಿ, ಒಂದಿಷ್ಟು ಒಳಗೇ ಉಳಿಸಿಕೊಂಡು ನಿಲ್ಲಿಸುತ್ತೇವೆ. ಚಿಕ್ಕಂದಿನಿಂದ ಬಾಯಿಗೆ ಬಂದ ಹದ. ಊದುಗೊಳವೆ ಕೈಗೆ ಕೊಟ್ಟರೆ ಬಾಯಿ ತಾನೇ ಆ ಹದಕ್ಕೆ ಹೋಗುತ್ತದೆ. ಎಂಜಲಿನ ತೊಡಕು ಬಿಡಿಸಿದ ಕೊಳವೆಯೇ ಉಸಿರನ್ನು ಕಡಿಮೆ ಮಾಡಿತ್ತು. ಹೊರಗೆ ಕೂತ ಭಾವನಿಗೆ ಅಂಕಿ ಮಾತ್ರ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಇದನ್ನು ಹೇಳಿದರೆ ನಾದಿನಿಯ ಗೆಲುವೆಲ್ಲ ಹೋಗುತ್ತದೆ. ಆ ಹೆಂಗಸರು ಪೂರಾ ಊದಿದರೆ ಅವಳಿಗಿಂತ ಎಷ್ಟು ಮೇಲೆ ಹೋಗುತ್ತಾರೋ. ಹಾಲು ಉಕ್ಕುವವರೆಗೂ ಯೋಚಿಸಿದೆ. ಅವಳು ಹಿತ್ತಿಲಿನಿಂದ ಹೂ ಬಿಡಿಸಿಕೊಂಡು ಒಳಗೆ ಬಂದಾಗ, ಭಾವನಿಗೆ ಹೇಳುವ ಮೊದಲು ಅವಳಿಗೇ ಹೇಳಬೇಕೆನಿಸಿತು. ಕಳೆದುಕೊಳ್ಳುವವಳು ಅವಳು.

ಅವಳು ಕೇಳಿಸಿಕೊಂಡು, ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ಒಲೆಗೆ ಒಮ್ಮೆ ಊದಿದಳು. ಕಣ್ಣು ಮುಚ್ಚಿತು.

"ಊಂ ಕಣತ್ತಿಗೆ," ಎಂದಳು. ಆಮೇಲೆ ಕೊಳವೆಯನ್ನು ಕೈಯಲ್ಲಿ ಹೊರಳಿಸಿ ನೋಡುತ್ತ, "ಆಸ್ಪತ್ರೇಲಿ ನಾನೂ ಇಂಗೇ ಊದಿದ್ನೇನೋ. ಗಾಜಿನ ಕೊಳವೆ ಆದ್ರೇನು, ಬಾಯಿ ಇದೇ ಅಲ್ವಾ," ಎಂದಳು.

"ಹಾಗಾದರೆ ಈಗಲೇ ಊದಿ ನೋಡು. ಯಂತ್ರ ಇಲ್ಲೇ ಇದೆ."

"ಬ್ಯಾಡ. ಮೊದ್ಲು ಅವರದ್ದೆಲ್ಲ ಸರಿಯಾಗಿ ಆಗ್ಲಿ. ನಂದು ಗೊತ್ತಾಗ್ಬುಟ್ರೆ ನಾನು ಅವರ ಮುಳ್ಳು ನೋಡೋ ಕಣ್ಣೇ ಬೇರೆ ಆಗ್ತದೆ. ಇನ್ನೊಬ್ಬರದ್ದು ಕಡಿಮೆ ಬರ್ಲಿ ಅಂತ ಕಾಯ್ತೀನಿ. ನೆನ್ನೆ ಅಂಗೇ ಕಾಯ್ತಿದ್ದೆ."

ಅವಳೇ ಹೋಗಿ ಭಾವನಿಗೆ ಹೇಳಿದಳು. ಭಾವ ಅಡುಗೆಮನೆಗೆ ಬಂದು, ನನ್ನನ್ನೂ ಅತ್ತೆಯನ್ನೂ ಒಲೆಯ ಮುಂದೆ ಊದಿಸಿ ಕಣ್ಣಾರೆ ನೋಡಿದರು. ಆಮೇಲೆ ಹೊಳೆನರಸೀಪುರದ ಅಂಕಿಗಳ ಮೇಲೆ ಅಡ್ಡಗೆರೆ ಎಳೆದರು. ಬೇಸರಪಟ್ಟುಕೊಳ್ಳಲಿಲ್ಲ. "ನೀನು ಮುಖ ನೋಡಿದ್ದು ಒಳ್ಳೇದಾಯ್ತು ಕಣಮ್ಮ," ಎಂದರು ಅಷ್ಟೆ.

ಎಂಜಲಿನ ಪ್ರಶ್ನೆ ಮಾತ್ರ ಮತ್ತೆ ಹಾಗೇ ಉಳಿಯಿತು. ಅದಕ್ಕೆ ದಾರಿ ಕಂಡವಳು ನಾದಿನಿ. ಹಿತ್ತಿಲ ಪರಂಗಿ ಗಿಡದಿಂದ ಒಂದು ಎಲೆ ಕಿತ್ತು, ದಂಟಿನ ಎರಡು ತುದಿ ಕತ್ತರಿಸಿ ತಂದಳು. ಚಿಕ್ಕವರಿದ್ದಾಗ ಸೋಪಿನ ನೊರೆಯಲ್ಲಿ ಅದ್ದಿ ಗುಳ್ಳೆ ಬಿಡುತ್ತಿದ್ದೆವಲ್ಲ, ಅದೇ ಟೊಳ್ಳು ದಂಟು. ಒಬ್ಬರಿಗೆ ಒಂದು, ಊದಿದ ಮೇಲೆ ಬಿಸಾಡಿದರಾಯಿತು. ಭಾವ ದಪ್ಪನೆಯ ದಂಟುಗಳನ್ನೇ ಆರಿಸಿ, ಗಾಜಿನ ಕೊಳವೆಯಲ್ಲೊಮ್ಮೆ ದಂಟಿನಲ್ಲೊಮ್ಮೆ ತಾವೇ ಊದಿ, ಎರಡೂ ಒಂದೇ ಬರುತ್ತದೆಂದು ಖಾತ್ರಿ ಮಾಡಿಕೊಂಡರು.

ಅರಕಲಗೂಡಿಗೆ ಬಸ್ಸಿನಲ್ಲಿ ಹೋದೆವು. ಯಂತ್ರ ಟಾಪಿನ ಮೇಲೆ, ಪರಂಗಿ ದಂಟಿನ ಕಟ್ಟು ನನ್ನ ಮಡಿಲಲ್ಲಿ. "ಇದೇನವ್ವ, ಯಾವ ಪಲ್ಯಕ್ಕೆ?" ಎಂದು ಕಂಡಕ್ಟರ್ ಕೇಳಿದ. ಊದೋದಕ್ಕೆ ಎಂದೆ. ಅವನು ಮುಂದೆ ಏನೂ ಕೇಳಲಿಲ್ಲ.

ಅಲ್ಲಿ ನಾವಿಳಿದ ಮನೆಯ ಹಜಾರದಲ್ಲಿ ಹೆಂಗಸರು ಬೆಳಗಿನಿಂದಲೇ ಬರತೊಡಗಿದರು. ದಂಟು ಕೈಗೆ ಬಂದ ಕೂಡಲೇ ಹುಡುಗಿಯರಾದರು. ಇಬ್ಬರು ಅದನ್ನು ಪೀಪಿಯಂತೆ ಊದಿ ನೋಡಿದರು. ನಾನು ಕಾನ್ವೆಂಟಿನ ಹಾಡಿನ ತರಗತಿಯನ್ನು ನೆನಪು ಮಾಡಿಕೊಂಡು, ನಮ್ಮ ಸಿಸ್ಟರ್ ಹೇಳುತ್ತಿದ್ದ ಹಾಗೆ, ಸೊಂಟದ ನೆರಿಗೆ ಸಡಿಲ ಮಾಡಿಕೊಳ್ಳಿ, ಹೊಟ್ಟೆ ಒಳಕ್ಕೆ ಹೋಗಿ ಬೆನ್ನಿಗೆ ತಾಗುವವರೆಗೆ ಬಿಡಿ, ಕಣ್ಣು ನನ್ನ ಕಣ್ಣಿನಲ್ಲೇ ಇರಲಿ ಎಂದೆ. ಕಣ್ಣು ತೆರೆದೇ ಊದುವುದು ಮೊದಲ ಸಲ ಯಾರಿಗೂ ಬರಲಿಲ್ಲ. ಎರಡನೆಯ ಸಲ ನಗು ಬಂತು. ಮೂರನೆಯ ಸಲ ಸರಿಯಾಯಿತು. ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಒಬ್ಬ ಅಜ್ಜಿ ಎಲ್ಲರನ್ನೂ ಹುರಿದುಂಬಿಸುವ ಕೆಲಸ ತಾನೇ ವಹಿಸಿಕೊಂಡಿತು.

"ಊದೇ, ಊದು. ಇನ್ನೂ ಅದೆ ಒಳಗೆ. ಅತ್ತೆ ಮೇಲಿನ್ ಸಿಟ್ಟೆಲ್ಲಾ ಅಲ್ಲೇ ಮಡೀಕಂಡಿದ್ದೀಯ, ಬುಡೇ ಈಚೆಗೆ."

ಆ ಸೊಸೆಯ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಬುಡ್ಲಿ ಬುಡ್ಲಿ, ನಾನೂ ಎಷ್ಟದೆ ಅಂತ ನೋಡ್ತೀನಿ," ಎಂದರು. ಡಬ್ಬ ಮೇಲೆದ್ದಿತು, ಇನ್ನೂ ಎದ್ದಿತು. "ಎರಡ್ ಸೇರು ಮ್ಯಾಲೇ ಅದೆ ಕಣ್ರವ್ವಾ," ಎಂದು ಯಾರೋ ಹೇಳಿದರು.

ನಾದಿನಿ ಅಂಕಿ ಕೂಗಿದಳು. ಅವಳದ್ದಕ್ಕಿಂತ ಮೇಲಿತ್ತು. ಮುಂದಿನವರದ್ದೂ ಮೇಲೆ. ಅದರ ಮುಂದಿನವರದ್ದೂ. ದನಿ ಬದಲಾಗಲಿಲ್ಲ. ಮುಳ್ಳಿನತ್ತ ಬಗ್ಗಿ, ಕಣ್ಣನ್ನು ಅದರ ಸಮಕ್ಕೆ ತಂದು, ಪ್ರತಿ ಗೆರೆಯನ್ನೂ ಸರಿಯಾಗಿ ಓದಿದಳು. ಒಮ್ಮೆ ಮಾತ್ರ, ಹಸುಗೂಸನ್ನು ಸೊಂಟದಲ್ಲಿಟ್ಟುಕೊಂಡ ಬಡಕಲು ಹೆಂಗಸೊಬ್ಬಳು ಊದಿದಾಗ, ನಾದಿನಿ ಅಂಕಿ ಹೇಳಲು ಒಂದು ಗಳಿಗೆ ತಡಮಾಡಿದಳು. ಆ ಬಡಕಲು ಎದೆಯಲ್ಲೂ ಇವಳಿಗಿಂತ ಹೆಚ್ಚು ಉಸಿರಿತ್ತು.

ರಾತ್ರಿ ಊಟಕ್ಕೆ ಅವಳು ಸರಿಯಾಗಿ ಕೂರಲಿಲ್ಲ. ಭಾವನ ತಲೆಯಲ್ಲಿ ಬೇರೆ ಯೋಚನೆ ಇತ್ತು. "ಆರೋಗ್ಯವಂತರು ಅಂತ ಆರಿಸಿ ಆರಿಸಿ ಅಳೀತಿದೀನಿ," ಎಂದರು ನನಗೆ. "ಆದರೆ ಒಲೆ ಹೊಗೆ ಕುಡಿಯದೋರು ಒಬ್ಬರೂ ಇಲ್ಲ. ಎಲ್ಲರಿಗೂ ಇರೋದನ್ನ ಸಹಜ ಅನ್ನಬೇಕೋ, ಇರಬೇಕಾದ್ದನ್ನ ಸಹಜ ಅನ್ನಬೇಕೋ, ಹೇಳು."

ಕೊನೆಯ ಊರು ಚನ್ನರಾಯಪಟ್ಟಣ. ತೆಂಗಿನಕಾಯಿ ಮಂಡಿಯ ಹಿಂದಿನ ಒಂದು ಮನೆ. ಅಂಗಳದಲ್ಲಿ ಮಟ್ಟೆಯ ರಾಶಿ, ಬಿಸಿಲಿಗೆ ಹರಡಿದ ಕೊಬ್ಬರಿಯ ಸಿಹಿ ವಾಸನೆ. ಅಲ್ಲಿಯೂ ಹೆಂಗಸರು ಬಂದರು. ಅಂಗಡಿಯವರ ಮನೆಯವರು, ಕಾಯಿ ಹೊರುವವರು, ಶಾಲೆಯ ಮೇಡಂ ಒಬ್ಬರು. ಮಧ್ಯಾಹ್ನದ ಹೊತ್ತಿಗೆ ಎಲ್ಲರದ್ದೂ ಮುಗಿಯಿತು. ಜಗುಲಿಯಿಂದ ಭಾವ ಕೇಳಿದರು:

"ಇನ್ನು ಯಾರಿದಾರೆ?"

"ನಾನಿದೀನಿ ಅಣ್ಣ," ಎಂದಳು ನಾದಿನಿ.

ಉಳಿದಿದ್ದ ದಂಟುಗಳಲ್ಲಿ ಒಂದನ್ನು ಆರಿಸಿಕೊಂಡಳು. ನಾನು ಮೂಗು ಹಿಡಿದೆ. ಬೆರಳಿಗೆ ಅವಳ ಮುಖದ ಬೆವರು ತಾಗಿತು. ಅವಳು ಎದೆ ತುಂಬ ಎಳೆದುಕೊಂಡು ನನ್ನ ಕಣ್ಣಲ್ಲಿ ಕಣ್ಣಿಟ್ಟು ಊದತೊಡಗಿದಳು. ಅವಳ ಹಳೆಯ ಗುರುತಿನ ಹತ್ತಿರ ಬಂದಾಗ ರೆಪ್ಪೆ ಅದುರಿತು. ಅದೇ ಜಾಗ. ಅಲ್ಲಿಯೇ ಬೂದಿ ಏಳುವುದು. ಅವಳು ಕಣ್ಣು ಮುಚ್ಚಲಿಲ್ಲ. ನೀರು ತುಂಬಿಕೊಂಡಿತು, ಕೊರಳ ನರ ಉಬ್ಬಿತು, ಊದುತ್ತಲೇ ಇದ್ದಳು. ಒಳಗೆ ಇನ್ನೇನೂ ಉಳಿದಿಲ್ಲವೆಂದು ನನ್ನ ಬೆರಳುಗಳಿಗೇ ತಿಳಿಯುವವರೆಗೆ ಬಿಟ್ಟು, ಆಮೇಲೆ ನೆಲದ ಮೇಲೆ ಕೂತಳು.

ಮುಳ್ಳು ಓದುವವಳೇ ಊದಿದ್ದರಿಂದ ನಾನು ಬಗ್ಗಿ ನೋಡಿದೆ. ಎರಡು ಸಲ ನೋಡಿ ಅಂಕಿ ಹೇಳಿದೆ. ಹೊರಗೆ ಕಾಗದ ಮಗುಚುವ ಸದ್ದಾಯಿತು. ಭಾವ ಬಾಗಿಲಿಗೆ ಬಂದು ನಿಂತರು. ಕನ್ನಡಕ ಕೈಯಲ್ಲಿತ್ತು.

"ಅರಕಲಗೂಡಿನೋರು, ಇಲ್ಲಿನೋರು, ಎಲ್ಲರ ನಡುವೆ ಇದೀಯ ಕಣೆ. ಸರಿಯಾಗಿ ನಡುವೆ."

"ಮೇಲೇನಿಲ್ವಾ?"

"ಇಲ್ಲ. ಕೆಳಗೂ ಇಲ್ಲ."

"ಸಾಕು ಬುಡಣ್ಣ," ಎಂದಳು. ದಂಟನ್ನು ಬಿಸಾಡದೆ ಕೈಯಲ್ಲೇ ಹಿಡಿದುಕೊಂಡು, ಕುಡಿಯಲು ನೀರು ಕೇಳಿದಳು. ಆ ಮನೆಯವರು ತಂಬಿಗೆಯಲ್ಲಿ ಕೊಟ್ಟರು. ಎತ್ತಿ ಕುಡಿದಳು.

ಹೊಳೆನರಸೀಪುರಕ್ಕೂ ಇನ್ನೊಮ್ಮೆ ಹೋಗಿ ದಂಟಿನಲ್ಲಿ ಊದಿಸಿಕೊಂಡು ಬಂದೆವು. ದೊಡ್ಡತ್ತೆಗೆ ತಮ್ಮ ಉಸಿರು ಹಿಂದಿನದಕ್ಕಿಂತ ಎಷ್ಟೋ ಏರಿದ್ದು ಕಂಡು ಖುಷಿಯೋ ಖುಷಿ. "ಇಷ್ಟು ದಿನ ಅರ್ಧ ಉಸ್ರಲ್ಲೇ ನಿಮ್ಮನ್ನೆಲ್ಲಾ ಬಯ್ದಿದ್ದೀನಿ ಅನ್ನಿ," ಎಂದರು. ನಾದಿನಿಯ ಅಂಕಿಯನ್ನೂ ಕೇಳಿ ತಿಳಿದುಕೊಂಡರು, ತಮ್ಮದರ ಪಕ್ಕದಲ್ಲೇ ಇದೆ ಎಂದು ಗೊತ್ತಾಯಿತು. ಒಳಗೆ ಹೋಗಿ ಕಾಫಿ ತಂದರು. ಲೋಟ ಯಾವುದೆಂದು ನಾನು ನೋಡಿದೆ. ಸೊಟ್ಟ ಲೋಟ ನನಗೆ ಬಂದಿತ್ತು.

ಮಳೆ ಶುರುವಾದ ಮೇಲೆ ನಾದಿನಿ ಎರಡನೆಯ ಪರೀಕ್ಷೆಗೆ ಹೋದಳು. ಭಾವ ಜೊತೆಗೆ ಹೋಗಲಿಲ್ಲ. ತಾವು ಅಳೆದದ್ದನ್ನೆಲ್ಲ ಒಪ್ಪವಾಗಿ ಬರೆದು, ಯಾರ ಪರವಾಗಿಯೂ ಒಂದು ಮಾತು ಸೇರಿಸದೆ ಮುಂಚೆಯೇ ಕಳಿಸಿಕೊಟ್ಟಿದ್ದರು. "ನನ್ನ ಮುಖ ನೋಡಿ ತಗೊಂಡ್ರು ಅಂತ ಆಗಬಾರದು," ಎಂದರು. ಈ ಸಲ ಪರೀಕ್ಷೆ ಮಾಡಿದವರು ಒಬ್ಬ ಲೇಡಿ ಡಾಕ್ಟರಂತೆ. ಮೂರು ಸಲ ಊದಿಸಿದರಂತೆ. ಸೀಮೆ ಪುಸ್ತಕದ ಅಳತೆಗೆ ಅದು ಆಗಲೂ ಸ್ವಲ್ಪ ಕಡಿಮೆಯೇ ಇತ್ತು. ಅವರು ಆ ಪುಸ್ತಕವನ್ನೂ ಭಾವ ಕಳಿಸಿದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, ಇವಳ ಕಡೆ ತಿರುಗಿ, "ಯಾಕಮ್ಮ ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾ ಊದ್ತೀಯ?" ಎಂದು ಕೇಳಿದರಂತೆ. ಇವಳು ಹೊಗೆಯ ಕಥೆ ಹೇಳಿದಳಂತೆ. ಅವರು ನಕ್ಕು ಸಹಿ ಹಾಕಿದರು.

ಹೊರಡುವ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಟ್ರಂಕು ಜಗುಲಿಯಲ್ಲಿತ್ತು, ಜಟಕಾ ಇನ್ನೂ ಬಂದಿರಲಿಲ್ಲ. ಅತ್ತೆ ಒದ್ದೆ ಸೌದೆಯ ಜೊತೆ ಗುದ್ದಾಡುತ್ತಿದ್ದರು. ನಾದಿನಿ ಒಳಗೆ ಬಂದು, ಹೊಸ ಸೀರೆಯ ನೆರಿಗೆ ಒಟ್ಟುಮಾಡಿ ಕುಕ್ಕರಗಾಲಲ್ಲಿ ಕೂತು, ಅವರ ಕೈಯಿಂದ ಊದುಗೊಳವೆ ತೆಗೆದುಕೊಂಡಳು. ಒಂದೇ ಉಸಿರಿಗೆ ಉದ್ದಕ್ಕೆ ಊದಿದಳು. ಬೆಂಕಿ ಭಗ್ಗನೆ ಹತ್ತಿತು. ಬೂದಿ ಎದ್ದು ಅವಳ ಮುಖಕ್ಕೆ, ತಲೆಗೆ, ಅತ್ತೆಯ ಸೆರಗಿಗೆಲ್ಲ ಹಾರಿತು. ಇಬ್ಬರೂ ಕೆಮ್ಮಿದರು.

"ಕಣ್ ಮುಚ್ಕಂಡ್ ಊದ್ಬಾರ್ದೇನೇ," ಎಂದರು ಅತ್ತೆ, ಅವಳ ರೆಪ್ಪೆಯ ಮೇಲಿನ ಬೂದಿಯನ್ನು ಸೆರಗಿನ ತುದಿಯಿಂದ ಒರೆಸುತ್ತ. "ಊರಿಗ್ ಓಗೋ ಮಕ ನೋಡು."

"ಅಭ್ಯಾಸ ತಪ್ಪೋಗದೆ ಕಣವ್ವ," ಎಂದಳು ಅವಳು.

ಅತ್ತೆ ಒರೆಸುವುದನ್ನು ನಿಲ್ಲಿಸಲಿಲ್ಲ. ಜಟಕಾ ಬಂದು ಬಾಗಿಲಲ್ಲಿ ನಿಂತು, ಗಾಡಿಯವನು ಎರಡು ಸಲ ಕೂಗಿದ ಮೇಲೂ ಒರೆಸುತ್ತಲೇ ಇದ್ದರು.